ಬಜೆಟ್ ಆದ ಮೇಲೂ ಸರ್ಕಾರ ಮತ್ತೆ ದುಡ್ಡು ಕೇಳುವುದು ಹೇಗೆ?

ಚಿಂತಾಮಣಿಯ ಗೊಬ್ಬರದ ಅಂಗಡಿಯಲ್ಲಿ 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಹೊರದೇಶಗಳಲ್ಲಿ ಗೊಬ್ಬರದ ಬೆಲೆ ಸಿಕ್ಕಾಪಟ್ಟೆ ಏರಿತು. ಆದರೂ ರಾಗಿಗೆ ಮೇಲುಗೊಬ್ಬರ ಹಾಕುವ ನಮ್ಮ ರೈತರಿಗೆ ಯೂರಿಯಾ ಅದೇ ರೇಟಿಗೆ ಸಿಕ್ಕಿತು. ಮಿಕ್ಕ ದುಡ್ಡನ್ನು ಯಾರೋ ಕಟ್ಟಿರಬೇಕಲ್ವಾ?

ಕಟ್ಟಿದ್ದು ಕೇಂದ್ರ ಸರ್ಕಾರ. ಆ ವರ್ಷ ಗೊಬ್ಬರದ ಸಬ್ಸಿಡಿಗೆ ಬಜೆಟ್‌ನಲ್ಲಿ ಇಟ್ಟಿದ್ದು ಸುಮಾರು 1.05 ಲಕ್ಷ ಕೋಟಿ ರೂಪಾಯಿ. ಅದು ಸಾಲಲಿಲ್ಲ. ಡಿಸೆಂಬರ್‌ನಲ್ಲಿ ಸರ್ಕಾರ ಸಂಸತ್ತಿನ ಮುಂದೆ ಬಂದು ಇನ್ನೂ 1.09 ಲಕ್ಷ ಕೋಟಿ ಕೇಳಿತು. ಮೊದಲು ಇಟ್ಟಿದ್ದಕ್ಕಿಂತ ಆಮೇಲೆ ಕೇಳಿದ್ದೇ ಜಾಸ್ತಿ! ಬಜೆಟ್ ದಿನ ಟಿ.ವಿ. ಮುಂದೆ ಕೂರುವ ನಾವು ಡಿಸೆಂಬರ್‌ನ ಈ ಕಾಗದವನ್ನು ಗಮನಿಸುವುದೇ ಇಲ್ಲ. ಅದರ ಹೆಸರು ಪೂರಕ ಬೇಡಿಕೆ. ಪೂರಕ ಅಂದಾಜು ಅಂತಲೂ ಕರೆಯುತ್ತಾರೆ. ಸಂವಿಧಾನದ 115ನೇ ವಿಧಿಯಲ್ಲಿ ಇದಕ್ಕೆ ದಾರಿ ಇದೆ. ಆ ದಾರಿ ಹೀಗಿದೆ.

ಮೊದಲು ಇಲಾಖೆಯೊಳಗೆ ಹುಡುಕಾಟ

ದುಡ್ಡು ಸಾಲದು ಅಂತ ಗೊತ್ತಾದ ಇಲಾಖೆ ಮೊದಲು ತನ್ನ ಲೆಕ್ಕದಲ್ಲೇ ಎಲ್ಲಾದರೂ ಉಳಿತಾಯ ಇದೆಯಾ ಅಂತ ನೋಡಬೇಕು. ಇದ್ದರೆ ಅಲ್ಲಿಂದ ಇಲ್ಲಿಗೆ ಹೊಂದಿಸಿಕೊಳ್ಳಬಹುದು. ಆದರೆ ಮನಸ್ಸಿಗೆ ಬಂದಂತೆ ಹೊಂದಿಸುವ ಹಾಗಿಲ್ಲ. ಕಟ್ಟಡ ಕಟ್ಟಲು ಕೊಟ್ಟ ಬಂಡವಾಳದ ದುಡ್ಡನ್ನು ಸಂಬಳ, ಸಬ್ಸಿಡಿಯಂಥ ಖರ್ಚಿಗೆ ತಿರುಗಿಸಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು.

ಆಮೇಲೆ ಹಣಕಾಸು ಸಚಿವಾಲಯ

ಎಲ್ಲ ಇಲಾಖೆಗಳ ಕೋರಿಕೆ ಇಲ್ಲಿ ಒಂದೆಡೆ ಸೇರುತ್ತದೆ. ಬಜೆಟ್ ಹೊತ್ತಿಗೆ ಇದು ಯಾಕೆ ಗೊತ್ತಾಗಲಿಲ್ಲ, ಮುಂದಿನ ವರ್ಷದವರೆಗೆ ಕಾಯಲು ಆಗುವುದಿಲ್ಲವಾ ಅಂತ ಕೇಳುತ್ತಾರೆ. ಒಪ್ಪಿದ್ದನ್ನೆಲ್ಲ ಸೇರಿಸಿ ಬೇಡಿಕೆಗಳ ಒಂದು ಪಟ್ಟಿ ಮಾಡುತ್ತಾರೆ, ಅದನ್ನೇ ಕಂತು ಅನ್ನುವುದು. ರಾಷ್ಟ್ರಪತಿಗಳ ಶಿಫಾರಸು ಪಡೆದು ಹಣಕಾಸು ಸಚಿವರ ಕಡೆಯಿಂದ ಅದು ಸದನಕ್ಕೆ ಬರುತ್ತದೆ. ಸಾಮಾನ್ಯವಾಗಿ ಮುಂಗಾರು, ಚಳಿಗಾಲ ಮತ್ತು ಬಜೆಟ್ ಅಧಿವೇಶನಗಳಲ್ಲಿ ಇಂಥ ಕಂತುಗಳು ಬರುತ್ತವೆ.

ಕಾಗದದಲ್ಲಿ ಎರಡು ಅಂಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಷ್ಟೋ ಜನ ಎಡವುವುದು ಇಲ್ಲೇ. 2023ರ ಡಿಸೆಂಬರ್ ಕಂತನ್ನು ನೋಡಿ. ಒಟ್ಟು ಹೆಚ್ಚುವರಿ ಖರ್ಚು ಸುಮಾರು 1.29 ಲಕ್ಷ ಕೋಟಿ ಅಂತ ಇತ್ತು. ಆದರೆ ಬೊಕ್ಕಸದಿಂದ ನಿಜವಾಗಿ ಹೊಸದಾಗಿ ಹೋಗುವ ದುಡ್ಡು ಸುಮಾರು 58,378 ಕೋಟಿ ಮಾತ್ರ. ಉಳಿದದ್ದು ಬೇರೆ ಕಡೆಯ ಉಳಿತಾಯದಿಂದ, ಹೆಚ್ಚಿಗೆ ಬಂದ ಆದಾಯದಿಂದ ಸರಿದೂಗುವಂಥದ್ದು. ಮೊದಲ ಅಂಕಿಯನ್ನಷ್ಟೇ ನೋಡಿ ಗಾಬರಿಯಾಗಬೇಡಿ. ಹಾಗಂತ ಎರಡನೆಯದನ್ನಷ್ಟೇ ನೋಡಿ ಸುಮ್ನೆ ಬಿಡಲೂ ಬೇಡಿ. ಎಲ್ಲೋ ಉಳಿತಾಯ ಆಯಿತು ಅಂದರೆ ಅಲ್ಲಿ ಆಗಬೇಕಿದ್ದ ಕೆಲಸ ಆಗದೇ ಇರಬಹುದು. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಕೆಲವು ಸಾಲುಗಳಲ್ಲಿ ಚಿಲ್ಲರೆ ಅನ್ನಿಸುವಂಥ ಸಣ್ಣ ಮೊತ್ತ ಇರುತ್ತದೆ. ಅದು ಟೋಕನ್ ಅನುದಾನ. ದುಡ್ಡು ಇಲಾಖೆಯ ಕೈಯಲ್ಲೇ ಇರುತ್ತದೆ, ಹೊಸ ಕೆಲಸಕ್ಕೆ ಅದನ್ನು ಬಳಸಲು ಸದನದ ಒಪ್ಪಿಗೆ ಬೇಕಿರುತ್ತದೆ ಅಷ್ಟೇ. ಮೊತ್ತ ಸಣ್ಣದು ಅಂತ ಆ ಸಾಲನ್ನು ದಾಟಿಸಿ ಹೋಗಬೇಡಿ. ಹೊಸ ಯೋಜನೆಯ ಸುಳಿವು ಅಲ್ಲೇ ಸಿಗುವುದುಂಟು.

ಚರ್ಚೆ, ಮತ, ಮಸೂದೆ

ಬೇಡಿಕೆಗೆ ಮತ ಹಾಕುವುದು ಲೋಕಸಭೆ ಮಾತ್ರ. ಅದಾದ ಮೇಲೆ ಆ ದುಡ್ಡು ತೆಗೆಯಲು ಅನುಮತಿ ಕೊಡುವ ಧನವಿನಿಯೋಗ ಮಸೂದೆ ಬರುತ್ತದೆ. ರಾಜ್ಯಸಭೆ ಅದನ್ನು ಚರ್ಚಿಸಿ 14 ದಿನದೊಳಗೆ ವಾಪಸ್ ಕಳಿಸಬೇಕು, ತಡೆಯುವ ಅಧಿಕಾರ ಅದಕ್ಕಿಲ್ಲ. ರಾಷ್ಟ್ರಪತಿಗಳ ಅಂಕಿತ ಬಿದ್ದು ಕಾನೂನಾದ ಮೇಲಷ್ಟೇ ಆ ದುಡ್ಡನ್ನು ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಬೊಕ್ಕಸದಿಂದ, ತೆಗೆಯಬಹುದು.

ಪ್ರವಾಹ ಬಂತು, ಸದನ ನಡೆಯುತ್ತಿಲ್ಲ. ಆಗೇನು ಮಾಡುತ್ತಾರೆ? ಅದಕ್ಕೆ ಸಾದಿಲ್ವಾರು ನಿಧಿ, ಅಂದರೆ ತುರ್ತು ಖರ್ಚಿಗೆ ಎತ್ತಿಟ್ಟ ದುಡ್ಡು, ಇದೆ. 2021ರಲ್ಲಿ ಕೇಂದ್ರದ ಈ ನಿಧಿಯನ್ನು 500 ಕೋಟಿಯಿಂದ 30,000 ಕೋಟಿಗೆ ಏರಿಸಿದರು. ಅಲ್ಲಿಂದ ತೆಗೆದ ಮುಂಗಡಕ್ಕೂ ಆಮೇಲೆ ಸಂಸತ್ತಿನ ಒಪ್ಪಿಗೆ ಪಡೆದು ನಿಧಿಗೆ ವಾಪಸ್ ತುಂಬಬೇಕು. ಒಪ್ಪಿಗೆಯೇ ಇಲ್ಲದೆ ವರ್ಷದಲ್ಲಿ ಜಾಸ್ತಿ ಖರ್ಚಾಗಿಬಿಟ್ಟಿದ್ದರೆ ಅದನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನಿಖೆ ಮಾಡುತ್ತದೆ.

ನಮ್ಮ ರಾಜ್ಯದಲ್ಲೂ ದಾರಿ ಹೆಚ್ಚುಕಡಿಮೆ ಇದೇ, ವಿಧಿ ಮಾತ್ರ 205. ಕೋಲಾರದ ಕೆರೆಗೋ ಶಿಡ್ಲಘಟ್ಟದ ಶಾಲೆಗೋ ರಾಜ್ಯದ ದುಡ್ಡು ವರ್ಷದ ನಡುವೆ ಬಂದರೆ, ವಿಧಾನಮಂಡಲದಲ್ಲಿ ಮಂಡಿಸಿದ ಪೂರಕ ಅಂದಾಜಿನಲ್ಲಿ ಅದರ ಸಾಲು ಇದೆಯಾ ನೋಡಿ.

ನಿಮ್ಮ ಸಂಸದರಿಗೆ ಬರೆಯುವುದಾದರೆ

ಪೂರಕ ಬೇಡಿಕೆಯ ಚರ್ಚೆಯಲ್ಲಿ ಆ ಕಂತಿನಲ್ಲಿರುವ ಬಾಬ್ತುಗಳ ಬಗ್ಗೆ ಮಾತ್ರ ಮಾತಾಡಬೇಕು ಅಂತ ಲೋಕಸಭೆಯ ನಿಯಮ ಇದೆ. "ನಮ್ಮ ಕಡೆ ಗೊಬ್ಬರ ಸಿಗುತ್ತಿಲ್ಲ" ಅಂತ ಸುಮ್ನೆ ಬರೆದರೆ ಅವರಿಗೆ ಅದನ್ನು ಅಲ್ಲಿ ಎತ್ತುವುದು ಕಷ್ಟ. ಇಲಾಖೆಯ ಹೆಸರು ಮತ್ತು ಬೇಡಿಕೆ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಿ. 2022–23ರಲ್ಲಿ ರಸಗೊಬ್ಬರ ಇಲಾಖೆಯದು 6ನೇ ಬೇಡಿಕೆಯಾಗಿತ್ತು. ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆ ಕಂತಿನ ಕಾಗದದಲ್ಲೇ ನೋಡಿಕೊಳ್ಳಿ. ಮಂಡನೆಗೂ ಮತಕ್ಕೂ ನಡುವೆ ಸಿಗುವುದು ಕೆಲವೇ ದಿನ. ಕಂತು ಮಂಡನೆಯಾದ ಸುದ್ದಿ ಓದಿದ ದಿನವೇ ಪತ್ರ ಹೊರಡಲಿ.