ಸ್ವಯಂಸೇವಕರಿಗೆ ಇಡೀ ಪುಸ್ತಕ ಒಪ್ಪಿಸಿದ ಬಗೆ

ಅಂಧ ಓದುಗರಿಗಾಗಿ ಧ್ವನಿಪುಸ್ತಕಗಳನ್ನು ಸಿದ್ಧಪಡಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಸ್ವಯಂಸೇವಕರನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಾಗ, ಹೊಸದಾಗಿ ಬಂದು ಸೇರುವವರಿಗೇನೂ ಕೊರತೆಯಿರಲಿಲ್ಲ. ಮೂರನೆಯ ವಾರವೂ ಬರುವವರು ಮಾತ್ರ ವಿರಳವಾಗಿದ್ದರು. ತಪ್ಪು ಅವರ ಬದ್ಧತೆಯಲ್ಲಿದೆ ಎಂದು ಭಾವಿಸಿ ನೆನಪೋಲೆ ಕಳುಹಿಸಿದೆ, ಪ್ರಮಾಣಪತ್ರಗಳನ್ನು ಅಚ್ಚು ಹಾಕಿಸಿದೆ. ಯಾವುದೂ ಫಲಿಸಲಿಲ್ಲ.

ಅಂದು ಬಂದವರಿಗೆ ಅಂದು ಬಾಕಿ ಉಳಿದ ಪುಟಗಳನ್ನು ಕೊಡುವುದು ನಮ್ಮ ಪದ್ಧತಿಯಾಗಿತ್ತು. ಒಬ್ಬರು 41ರಿಂದ 60ನೆಯ ಪುಟದವರೆಗೆ ಓದಿ ಹೋದರೆ, ಮುಂದಿನ ವಾರ ಅವರ ಕೈಗೆ ಬೇರೊಂದು ಪುಸ್ತಕದ ನಡುಭಾಗ ಸಿಗುತ್ತಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ಒಂದು ಸಂಜೆ ಹೊರಡುವಾಗ, “ಆ ಕಾದಂಬರಿಯ ಹುಡುಗಿ ಕೊನೆಗೆ ಮನೆಗೆ ಮರಳಿದಳೇ ಇಲ್ಲವೇ ಅಂತ ಯಾರನ್ನು ಕೇಳಲಿ, ಮೇಡಂ?” ಎಂದು ನಗುತ್ತಲೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಆ ಪುಸ್ತಕವನ್ನು ನಮ್ಮಲ್ಲಿ ಯಾರೂ ಪೂರ್ತಿ ಓದಿರಲಿಲ್ಲ.

ಕೆಲಸದಲ್ಲಿ ಮನಸ್ಸು ನೆಲೆಸಲು ಬೇಕಾದ 5 ಗುಣಗಳನ್ನು ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು 1970ರ ದಶಕದಲ್ಲೇ ಗುರುತಿಸಿದ್ದರು: ಕೌಶಲಗಳ ವೈವಿಧ್ಯ, ಆದಿಯಿಂದ ಅಂತ್ಯದವರೆಗೆ ತನ್ನದೆನ್ನಬಹುದಾದ ಕೆಲಸ, ಇತರರ ಬದುಕಿಗೆ ಅದರಿಂದಾಗುವ ಉಪಯೋಗ, ಸ್ವಾತಂತ್ರ್ಯ ಹಾಗೂ ಫಲಿತಾಂಶದ ಅರಿವು. ಉಪಯೋಗವೊಂದನ್ನೇ ನೆಚ್ಚಿಕೊಂಡು ಉಳಿದ ನಾಲ್ಕನ್ನೂ ನಾವು ಕೈಬಿಟ್ಟಿದ್ದೆವು. ಸೇವಾಸಂಸ್ಥೆಗಳಿಗೆ ಈ ಜಾಡ್ಯ ಬಲುಬೇಗ ಅಂಟಿಕೊಳ್ಳುತ್ತದೆ.

ಅಂದಿನಿಂದ ಒಂದು ಪುಸ್ತಕವನ್ನು ಇಬ್ಬರಿಗೆ ಒಪ್ಪಿಸತೊಡಗಿದೆ. ಒಬ್ಬರು ಓದುವವರು, ಇನ್ನೊಬ್ಬರು ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು ಕೇಳಿ ತಿದ್ದುವವರು. ಪ್ರತಿ ಜೋಡಿಗೂ ಒಂದು ಪುಟದ ವಿವರ ಬರೆದುಕೊಟ್ಟೆ: ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳಿಗೆ ಮುಗಿಯಬೇಕು, ತೊಡಕು ಬಂದರೆ ಯಾರನ್ನು ಕೇಳಬೇಕು, ನನ್ನನ್ನು ಕೇಳದೆಯೇ ಏನನ್ನು ನಿರ್ಧರಿಸಬಹುದು. ಈ ಕೊನೆಯ ಸಾಲು ಬರೆಯುವುದೇ ಕಷ್ಟವಾಯಿತು. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಪ್ರವಾಸಕಥನವೊಂದರಲ್ಲಿ “ಪಕ್ಕದ ನಕ್ಷೆಯನ್ನು ನೋಡಿ” ಎಂಬ ವಾಕ್ಯ ಬಂದಾಗ, ಆ ಜೋಡಿ ನಕ್ಷೆಯನ್ನು ನಾಲ್ಕು ವಾಕ್ಯಗಳಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿತು: ನದಿ ಯಾವ ದಿಕ್ಕಿಗೆ ಹರಿಯುತ್ತದೆ, ಹಾದಿ ಅದನ್ನು ಎಲ್ಲಿ ದಾಟುತ್ತದೆ. ನಾನಾಗಿದ್ದರೆ ಆ ವಾಕ್ಯವನ್ನೇ ಬಿಟ್ಟುಬಿಡಿ ಎನ್ನುತ್ತಿದ್ದೆ. ಕೇಳುಗರೊಬ್ಬರು ಆ ಭಾಗವನ್ನು ಎರಡು ಸಲ ಕೇಳಿದೆನೆಂದು ತಿಳಿಸಿದಾಗ, ಆ ಮಾತನ್ನು ಅಂದೇ ಇಬ್ಬರಿಗೂ ಮುಟ್ಟಿಸಿದೆ.

ಎಡವಿದ್ದೂ ಉಂಟು. ಒಂದು ಜೋಡಿಯ ಓದುಗರು ಅರ್ಧಕ್ಕೇ ನಿಲ್ಲಿಸಿದ್ದರಿಂದ, ನಡುವೆ ದನಿ ಬದಲಾಗಬಾರದೆಂದು ದಪ್ಪ ಪುಸ್ತಕವನ್ನು ಮೊದಲಿನಿಂದ ಓದಿಸಬೇಕಾಯಿತು. ಹಾಗಾಗಿ ಈಗ ಎಲ್ಲರೂ ಮೊದಲಿಗೆ ಒಂದು ಸಣ್ಣ ಕಥೆಯನ್ನು ಓದಿ ಮುಗಿಸಬೇಕು. ಎಲ್ಲರಿಗೂ ದೊಡ್ಡ ಹೊಣೆ ಬೇಕು ಎಂದು ನಾನು ಎಣಿಸಿದ್ದೂ ತಪ್ಪೇ. ದಿನವಿಡೀ ಓದಿ ದಣಿದು ಬರುತ್ತಿದ್ದ ವಿದ್ಯಾರ್ಥಿಯೊಬ್ಬ, “ನನಗೆ ಲಕೋಟೆ ಅಂಟಿಸೋ ಕೆಲಸಾನೇ ಇರಲಿ, ಮಾತಾಡ್ತಾ ಮಾಡಬಹುದು” ಎಂದ. ಆ ಕೆಲಸವನ್ನು ಉಳಿಸಿದೆವು, ಬೇಕೆಂದವರಿಗೆ ಮಾತ್ರ.

ಧ್ವನಿಮುದ್ರಣದಲ್ಲಿ ನುಸುಳಿದ ಕೆಮ್ಮು, ಕುರ್ಚಿಯ ಸದ್ದು ತೆಗೆಯುವ ಕೆಲಸವನ್ನು ಮಾತ್ರ ಯಾರೂ ಬೇಕೆಂದು ಕೇಳಲಿಲ್ಲ. ಅದನ್ನು ಹೊಸಬರ ತಲೆಗೆ ಕಟ್ಟುವುದನ್ನು ಬಿಟ್ಟು, ಸಂಬಳ ಪಡೆಯುವ ನಾವು ಮೂವರು ಸರದಿಯಂತೆ ಹಂಚಿಕೊಂಡಿದ್ದೇವೆ. ಶುಕ್ರವಾರ ನನ್ನ ಸರದಿ.