20 ಮೀಟರ್ ಮತ್ತು ‘ಪದೇ ಪದೇ’ ಎಂಬ ಮಾತು

ಬ್ರಿಟನ್ನಿನಲ್ಲಿ ನೆಲೆಸಿರುವ ನನಗೆ ಹಲವು ವರ್ಷಗಳಿಂದ ಸಂಧಿವಾತವಿದೆ. ಅಲ್ಲಿನ ಅಂಗವೈಕಲ್ಯ ಭತ್ಯೆಯಾದ ಪಿಐಪಿಗೆ ಅರ್ಜಿ ಹಾಕಿದಾಗ ದೈನಂದಿನ ಬದುಕಿನ ಭಾಗ ಮಂಜೂರಾಯಿತು. ಓಡಾಟದ ಭಾಗಕ್ಕೆ ಮಾತ್ರ 4 ಅಂಕ ಬಂದಿತ್ತು. 8 ಅಂಕಕ್ಕೆ ಸಾಮಾನ್ಯ ದರ, 12ಕ್ಕೆ ಹೆಚ್ಚಿನ ದರ, 4ಕ್ಕೆ ಏನೂ ಇಲ್ಲ.

ತೀರ್ಮಾನದ ಪತ್ರದಲ್ಲಿರುವ ದಿನಾಂಕದಿಂದ ಒಂದು ತಿಂಗಳೊಳಗೆ ಕಡ್ಡಾಯ ಮರುಪರಿಶೀಲನೆಯನ್ನು, ಅಂದರೆ ಇಲಾಖೆಯೇ ತನ್ನ ತೀರ್ಮಾನವನ್ನು ಮತ್ತೊಮ್ಮೆ ನೋಡಬೇಕೆಂದು, ಕೇಳಬೇಕು. ಅದನ್ನು ದಾಟದೆ ಮೇಲ್ಮನವಿಗೆ ದಾರಿಯಿಲ್ಲ. ನಾನು ಮೊದಲು, ಅರ್ಜಿಯ ವೇಳೆ ನನ್ನನ್ನು ಪರೀಕ್ಷಿಸಿದ್ದ ಮೌಲ್ಯಮಾಪಕರ ವರದಿಯ ಪ್ರತಿಯನ್ನು ತರಿಸಿಕೊಂಡೆ. ಕಾಯುವ ಕೋಣೆಯಿಂದ ಅವರ ಮೇಜಿನವರೆಗೆ ನಾನು ನಡೆದುಬಂದದ್ದನ್ನು ಆಧಾರವಾಗಿಟ್ಟುಕೊಂಡು, 50ರಿಂದ 200 ಮೀಟರ್ ನಡೆಯಬಲ್ಲರು ಎಂದು ಅದರಲ್ಲಿ ಬರೆದಿತ್ತು. ನಡೆದದ್ದು ಸುಳ್ಳಲ್ಲ. ಆದರೆ 2013ರ ಪಿಐಪಿ ನಿಯಮಾವಳಿಯ 4ನೆಯ ನಿಯಮದಂತೆ, ಒಬ್ಬರು ಒಂದು ಕೆಲಸವನ್ನು ಮಾಡಬಲ್ಲರು ಎನ್ನಬೇಕಾದರೆ ಅದನ್ನು ಸುರಕ್ಷಿತವಾಗಿ, ಒಪ್ಪತಕ್ಕ ಮಟ್ಟದಲ್ಲಿ, ಪದೇ ಪದೇ, ತಕ್ಕಷ್ಟು ಸಮಯದೊಳಗೆ ಮಾಡಲು ಅವರಿಗೆ ಸಾಧ್ಯವಾಗಬೇಕು. ನನ್ನ ವಾದವನ್ನೆಲ್ಲ ನಾನು ‘ಪದೇ ಪದೇ’ ಎಂಬ ಮಾತಿನ ಮೇಲೆಯೇ ಕಟ್ಟಿದೆ.

ಮನೆಯೆದುರಿನ ಕಾಲುದಾರಿಯನ್ನು ಟೇಪು ಹಿಡಿದು ಅಳೆದು, ಎಲ್ಲಿಗೆ ಬಂದಾಗ ನಿಲ್ಲಬೇಕಾಯಿತು, ಎಷ್ಟು ನಿಮಿಷ ಕುಳಿತೆ, ಮತ್ತೆ ಹೊರಟಾಗ ಎಷ್ಟು ದೂರ ಸಾಗಿತು ಎಂಬುದನ್ನು 14 ದಿನ ಬರೆದಿಟ್ಟೆ. ಮೊದಲ ಸಲ 60 ಮೀಟರ್ ಆಗುತ್ತಿತ್ತು. ಅದೇ ದಿನದ ಎರಡನೆಯ ಸಲಕ್ಕೆ 15 ದಾಟುತ್ತಿರಲಿಲ್ಲ; 20 ಮೀಟರ್‌ಗಿಂತ ಹೆಚ್ಚು ನಡೆಯಲಾಗದವರಿಗೆ 12 ಅಂಕ. 11 ದಿನ ಹೀಗಿತ್ತು. ಅರ್ಧಕ್ಕಿಂತ ಹೆಚ್ಚು ದಿನಗಳ ಸ್ಥಿತಿಯನ್ನೇ ಅಂಕಕ್ಕೆ ಹಿಡಿಯುವುದರಿಂದ, ಮಿಕ್ಕ 3 ಒಳ್ಳೆಯ ದಿನಗಳನ್ನು ಮುಚ್ಚಿಡುವ ಅಗತ್ಯವೂ ಇರಲಿಲ್ಲ.

ಮರುಪರಿಶೀಲನೆಯಲ್ಲಿ ಅಂಕ ಬದಲಾಗಲಿಲ್ಲ. ಮೇಲ್ಮನವಿ ಬರೆಯುವಾಗ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಆ ವೇಳೆಗೆ ಮಂಡಿ ಇನ್ನಷ್ಟು ಕೆಟ್ಟಿತ್ತು, ಅದರ ವರದಿಯನ್ನೇ ಮುಂದಿಡಲು ಹೊರಟಿದ್ದೆ. ನ್ಯಾಯಮಂಡಳಿಯಾದರೋ ಇಲಾಖೆ ತೀರ್ಮಾನಿಸಿದ ದಿನದ ಸ್ಥಿತಿಯನ್ನು ಮಾತ್ರ ನೋಡುತ್ತದೆ. ಹಾಗಾಗಿ ಆ ತಿಂಗಳಲ್ಲಿ ನಾನು ಹೇಗಿದ್ದೆ ಎಂಬುದನ್ನು ದಾಖಲೆ ನೋಡಿ ಬರೆದುಕೊಡುವಂತೆ ವೈದ್ಯರನ್ನು ಕೇಳಿಕೊಂಡೆ. ಈಗಾಗಲೇ ಸಿಕ್ಕಿದ್ದ ಭಾಗವನ್ನೂ ಕಡಿಮೆ ಮಾಡುವ ಅಧಿಕಾರ ಮಂಡಳಿಗಿದೆ ಎಂಬ ಅಳುಕು ಕೊನೆಯವರೆಗೂ ಇತ್ತು.

ವಿಚಾರಣೆಯಲ್ಲಿ ನ್ಯಾಯಾಧೀಶರು, ಒಬ್ಬ ವೈದ್ಯರು, ಅಂಗವೈಕಲ್ಯದ ಅನುಭವವುಳ್ಳ ಒಬ್ಬ ಸದಸ್ಯರು ಇದ್ದರು. ಅಂಗಡಿಗೆ ಹೇಗೆ ಹೋಗುತ್ತೀರಿ ಎಂದು ವೈದ್ಯರು ಕೇಳಿದಾಗ ‘ಹೇಗೋ ಆಗುತ್ತದೆ’ ಎಂಬ ನಮ್ಮ ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಎರಡು ಕಡೆ ಗೋಡೆಗೆ ಒರಗಿ ನಿಲ್ಲುತ್ತೇನೆ, ಮನೆಗೆ ಬಂದ ಮೇಲೆ ಸಂಜೆಯವರೆಗೆ ಏಳುವುದಿಲ್ಲ ಎಂದೆ. ಆಮೇಲಿನ ಪ್ರಶ್ನೆಗಳೆಲ್ಲ ಆ ಸಂಜೆಯ ಕುರಿತಾಗಿಯೇ ಇದ್ದವು.

ತೀರ್ಪಿನಲ್ಲಿ 12 ಅಂಕ ಬಂದು, ಅರ್ಜಿಯ ದಿನದಿಂದ ಬಾಕಿ ಹಣವೂ ಸಂದಾಯವಾಯಿತು. ಮಂಜೂರಾತಿ 3 ವರ್ಷಕ್ಕೆ ಮಾತ್ರ. ಮುಂದಿನ ಪರಿಶೀಲನೆಯ ನಮೂನೆ ಬರುವುದಕ್ಕೆ ಇನ್ನೂ ಸಮಯವಿದ್ದರೂ ಟೇಪನ್ನು ನಾನು ಒಳಗಿಟ್ಟಿಲ್ಲ.