ಸಾಲ್ಮನ್ ನದಿಗಳ ಉಗಮದಲ್ಲಿ ಗಣಿ: ಪ್ರಸ್ತಾವವನ್ನು ತೂಗಿ ನೋಡುವ ಬಗೆ

ಅಮೆರಿಕದ ಅಲಾಸ್ಕಾ ರಾಜ್ಯದ ನೈರುತ್ಯದಲ್ಲಿರುವ ಬ್ರಿಸ್ಟಲ್ ಕೊಲ್ಲಿಯು ಜಗತ್ತಿನ ಸಾಕೈ ಎಂಬ ಜಾತಿಯ ಸಾಲ್ಮನ್ ಮೀನುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ನೆಲೆ. ಅಲ್ಲಿಗೆ ಹರಿಯುವ ನುಶಗಾಕ್ ಮತ್ತು ಕ್ವಿಜಾಕ್ ನದಿಗಳ ಉಗಮಪ್ರದೇಶದಲ್ಲೇ ತಾಮ್ರ, ಚಿನ್ನ, ಮಾಲಿಬ್ಡಿನಮ್‌ಗಳ ಪೆಬಲ್ ನಿಕ್ಷೇಪವಿದೆ. ಇಂಥಲ್ಲಿ ಗಣಿಯ ಮತ್ತು ಮೀನುಗಾರಿಕೆಯ ವಾರ್ಷಿಕ ಆದಾಯಗಳನ್ನು ಹೋಲಿಸಿ ತೀರ್ಮಾನಿಸಬಾರದು. ಅದಿರು ಒಮ್ಮೆ ತೆಗೆದರೆ ಮುಗಿಯಿತು. ನದಿ ಕೆಡದಿದ್ದರೆ ಮೀನು ಮೊಟ್ಟೆಯಿಡಲು ಪ್ರತಿ ಬೇಸಿಗೆಯಲ್ಲೂ ಸಮುದ್ರದಿಂದ ಬರುತ್ತದೆ.

ಮೊದಲು ಗಣಿಯ ನಿಜವಾದ ಗಾತ್ರವನ್ನು ಗೊತ್ತುಮಾಡಿಕೊಳ್ಳಬೇಕು. 2020ರ ಪೆಬಲ್ ಗಣಿ ಯೋಜನೆ 20 ವರ್ಷಗಳದ್ದಾಗಿತ್ತು, ಆದರೆ ನಿಕ್ಷೇಪ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ರಸ್ತೆ, ಬಂದರು, ವಿದ್ಯುತ್ ಬಂದ ಮೇಲೆ ವಿಸ್ತರಣೆಯ ಅರ್ಜಿ ಬರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬಳಿಕ ತೊರೆಗಳನ್ನು ಒಂದೊಂದಾಗಿ ನೋಡಬೇಕು. ಆ ಯೋಜನೆಯಿಂದ ಸಾಲ್ಮನ್‌ನಂಥ ವಲಸೆ ಮೀನುಗಳಿರುವ ಸುಮಾರು 14 ಕಿ.ಮೀ. ತೊರೆಗಳು ಶಾಶ್ವತವಾಗಿ ನಾಶವಾಗುತ್ತವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಇಡೀ ಜಲಾನಯನದ ಮುಂದೆ ಇದು ಅಲ್ಪವೆಂದು ವಾದಿಸಬಹುದಾದರೂ, ಒಂದೊಂದು ತೊರೆಯ ಸಾಲ್ಮನ್ ಗುಂಪೂ ತನ್ನದೇ ಕಾಲಕ್ರಮಕ್ಕೆ ಹೊಂದಿಕೊಂಡಿರುವುದರಿಂದ, ಒಂದು ಗುಂಪು ಸೊರಗಿದ ವರ್ಷ ಇನ್ನೊಂದು ತುಂಬಿ ಬರುತ್ತದೆ. ಈ ವೈವಿಧ್ಯ ಇಲ್ಲದಿದ್ದರೆ ಮೀನಿನ ಸಂಖ್ಯೆಯಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಏರುಪೇರು ಎರಡು ಪಟ್ಟಿಗೂ ಹೆಚ್ಚಾಗುತ್ತಿತ್ತೆಂದು 2010ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ಶೇಕಡಾವಾರು ಲೆಕ್ಕವೊಂದನ್ನೇ ನಂಬಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ಗುಣಮಟ್ಟದ ವಿಷಯದಲ್ಲಿ, ಮೀನು ಸಾಯುವ ಪ್ರಮಾಣವನ್ನಷ್ಟೇ ಕೇಳಿ ಸುಮ್ಮನಾಗುವುದು ದೊಡ್ಡ ಲೋಪ. ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ತಾಮ್ರ ಹೆಚ್ಚಾದರೂ ಸಾಲ್ಮನ್‌ನ ಘ್ರಾಣಶಕ್ತಿ ಕುಂದುತ್ತದೆ. ಸಂಗಾತಿ ಮರಿಯ ಚರ್ಮ ಹರಿದಾಗ ನೀರಿಗೆ ಬೆರೆಯುವ ವಾಸನೆಯನ್ನು ಗ್ರಹಿಸಿ ಆರೋಗ್ಯವಂತ ಕೋಹೋ (ಸಾಲ್ಮನ್‌ನ ಇನ್ನೊಂದು ಜಾತಿ) ಮರಿ ಅಲ್ಲಾಡದೆ ನಿಂತುಬಿಡುತ್ತದೆ. ತಾಮ್ರ ಸೋಂಕಿದ ಮರಿ ಈಜುತ್ತಲೇ ಇದ್ದು ಬೇಟೆಗಾರ ಮೀನಿನ ಬಾಯಿಗೆ ಬೀಳುತ್ತದೆ. ಹುಟ್ಟಿದ ತೊರೆಗೆ ಮರಳಲು ದಾರಿ ತೋರುವುದೂ ಇದೇ ಘ್ರಾಣಶಕ್ತಿ.

ಅದಿರಿನ ತ್ಯಾಜ್ಯ ತಡೆಯುವ ಅಣೆಕಟ್ಟಿನ ಕೆಳಗಿನ ನೆಲದ ಬಗ್ಗೆ ಬಿಗಿಯಾಗಿ ಪ್ರಶ್ನಿಸಬೇಕು. 2014ರ ಆಗಸ್ಟ್ 4ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಮೌಂಟ್ ಪಾಲಿ ಗಣಿಯಲ್ಲಿ ಇಂಥ ಕಟ್ಟೆ ಒಡೆದು ಕೆಸರು ಕ್ವೆನೆಲ್ ಸರೋವರ ಸೇರಿತು. ಅಡಿಪಾಯದ ಕೆಳಗಿದ್ದ ಹಿಮಯುಗದ ದುರ್ಬಲ ಮಣ್ಣಿನ ಪದರವನ್ನು ವಿನ್ಯಾಸ ಗಣನೆಗೆ ತೆಗೆದುಕೊಂಡಿರಲಿಲ್ಲ.

ಗಣಿಯ ಲಾಭವನ್ನೂ ಪ್ರಾಮಾಣಿಕವಾಗಿ ಬರೆದಿಡಬೇಕು. ವಿದ್ಯುತ್ ತಂತಿಗಳಿಗೆ ತಾಮ್ರ ಬೇಕು, ದೂರದ ಹಳ್ಳಿಗಳಿಗೆ ಉದ್ಯೋಗ ಬೇಕು. ಆದರೆ ಅಲ್ಲಿನ ಮೂಲನಿವಾಸಿಗಳಾದ ಯುಪಿಕ್ ಮತ್ತು ಡೆನೈನಾ ಕುಟುಂಬಗಳು ಚಳಿಗಾಲಕ್ಕೆಂದು ಹೊಗೆಯಲ್ಲಿ ಒಣಗಿಸಿಡುವ ಸಾಲ್ಮನ್ ಯಾವ ಮಾರಾಟದ ಲೆಕ್ಕದಲ್ಲೂ ಸಿಗುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಕೇಳಿ ದಾಖಲಿಸಬೇಕು.

ವರದಿಗಳನ್ನು ಓದುವಾಗ ಪ್ರತಿಯೊಂದೂ ಯಾವ ಪ್ರಶ್ನೆಗೆ ಉತ್ತರಿಸುತ್ತಿದೆಯೆಂದು ಗಮನಿಸಬೇಕು. ಮೀನಿನ ಸಂಖ್ಯೆಯಲ್ಲಿ ಅಳೆಯಬಹುದಾದ ವ್ಯತ್ಯಾಸ ಆಗಲಾರದೆಂದು 2020ರ ಜುಲೈನಲ್ಲಿ ಹೇಳಿದ ಅಮೆರಿಕದ ಸೇನಾ ಎಂಜಿನಿಯರ್‌ಗಳ ಇಲಾಖೆಯೇ ಅದೇ ವರ್ಷದ ನವೆಂಬರ್‌ನಲ್ಲಿ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಪೆಬಲ್ ಗಣಿಗೆ ಪರವಾನಗಿ ನಿರಾಕರಿಸಿತು.

ಕೊನೆಯದಾಗಿ, ಗಣಿ ಮುಚ್ಚಿದ ಮೇಲೆ ನೀರನ್ನು ಶುದ್ಧೀಕರಿಸುವವರು ಯಾರು, ಎಷ್ಟು ಕಾಲ, ಯಾರ ಹಣದಿಂದ ಎಂಬುದಕ್ಕೆ ಲಿಖಿತ ಉತ್ತರವನ್ನೂ ಮುಂಗಡ ಠೇವಣಿಯನ್ನೂ ಪರವಾನಗಿಗೆ ಮೊದಲೇ ಕೇಳಬೇಕು.